ಟಿಕ್ ಟಿಕ್ ಅಂತಿದೆ, ಟ್ಯಾಪೆಟ್ ಅಲ್ಲ ಸ್ವಾಮಿ

ನಿಮ್ಮ ಮನೆ ಮುಂದೆ ಕವರ್ ಹೊದ್ದು ನಿಂತಿದೆಯಲ್ಲ ಅಂಬಾಸಿಡರ್ರು, ಅದನ್ನ ಭಾನುವಾರ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲ ಎರಡು ನಿಮಿಷ ಒಂದು ಸದ್ದು ಬರುತ್ತೆ. ಟಿಕ್ ಟಿಕ್ ಟಿಕ್ ಟಿಕ್. ಬರುತ್ತೆ ತಾನೇ? (ಇಲ್ಲ ಅನ್ನಬೇಡಿ, ಪಕ್ಕದ ಮನೆಯವರಿಗೂ ಕೇಳಿಸಿದೆ.) ಬೀದಿ ಕೊನೆ ಮುಟ್ಟೋ ಹೊತ್ತಿಗೆ ಸದ್ದು ಮಾಯ, ನೀವು ನಿರಾಳ. "ಬಿಸಿಯಾದ್ರೆ ಸರಿಹೋಗುತ್ತೆ, ಹಳೇ ಗಾಡಿ ಅಲ್ವಾ" ಅಂತ ಸ್ಟೀರಿಯೋ ಸೌಂಡು ಒಂದಿಷ್ಟು ಜಾಸ್ತಿ ಮಾಡಿಬಿಡ್ತೀರಿ.

ಗ್ಯಾರೇಜಿನ ಭಾಯ್‌ನ ಕೇಳಿದ್ರೆ "ಟ್ಯಾಪೆಟ್ ಸಾರ್" ಅಂತಾನೆ. ನಿಮಗೂ ಅದೇ ಉತ್ತರ ಬೇಕಿತ್ತು, ಹೌದೋ ಅಲ್ವೋ? ಟ್ಯಾಪೆಟ್ ಅಂದ್ರೆ ಒಂದು ಫೀಲರ್ ಗೇಜು, ಒಂದು ಸ್ಕ್ರೂಡ್ರೈವರ್ರು, ಒಂದು ರೌಂಡ್ ಟೀ. ಅಷ್ಟರಲ್ಲಿ ಕೆಲಸ ಮುಗೀತು, ಖರ್ಚೂ ಕಮ್ಮಿ.

ಆದ್ರೆ ಟ್ಯಾಪೆಟ್ ಸದ್ದು ಹಾಗೆ ಬೀದಿ ಕೊನೆಯಲ್ಲಿ ಇಳಿದುಹೋಗಲ್ಲ ಸ್ವಾಮಿ. ತಣ್ಣಗಿದ್ದಾಗ ಜೋರಾಗಿದ್ದು, ಬಿಸಿಯಾಗ್ತಾ ಅಡಗಿ, ನಂದಿ ಬೆಟ್ಟ ಹತ್ತೋವಾಗ ಆಕ್ಸಲರೇಟರ್ ಒತ್ತಿದ ಕೂಡಲೇ ಮತ್ತೆ ಶುರುವಾಗೋದು ಎಕ್ಸಾಸ್ಟ್ ಗ್ಯಾಸ್ಕೆಟ್ಟಿನ ಸದ್ದು. ಬಿಸಿಗೆ ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಳ್ತು, ಅಷ್ಟೇ. ತಾನಾಗಿ ರಿಪೇರಿ ಆಗಿದ್ದಲ್ಲ.

ಇಷ್ಟು ಹೇಳಿದ ಕೂಡಲೇ ನೀವು ಏನು ಮಾಡ್ತೀರಿ ಅಂತಾನೂ ಗೊತ್ತು. ಸೀದಾ ಜೆ.ಸಿ. ರೋಡಿಗೆ ಹೋಗಿ ಹೊಸ ಗ್ಯಾಸ್ಕೆಟ್ ತಂದು ಹಾಕಿಸ್ತೀರಿ. ಯುಗಾದಿಗೆ ಹಾಕಿಸಿದ್ದು ದೀಪಾವಳಿ ಹೊತ್ತಿಗೆ ಹಾರಿಹೋಗಿತ್ತಲ್ಲ, ಅದರ ಥರಾನೇ ಇನ್ನೊಂದು. ಆಮೇಲೆ ಟೀ ಅಂಗಡಿ ಮುಂದೆ ನಿಂತು "ಈಗ ಬರೋದೆಲ್ಲಾ ಡೂಪ್ಲಿಕೇಟು ಮಾಲು" ಅಂತ ಭಾಷಣ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ರಂತೆ. ಒಂದೇ ಜಾಗದಲ್ಲಿ ಗ್ಯಾಸ್ಕೆಟ್ಟು ಮತ್ತೆ ಮತ್ತೆ ಸುಡ್ತಿದೆ ಅಂದ್ರೆ ತಪ್ಪು ಅದರದ್ದಲ್ಲ, ಅದರ ಸುತ್ತ ಇರೋ ಇನ್ಯಾವುದರದ್ದೋ. ಆ ಇನ್ಯಾವುದೋ ಯಾವುದು ಅಂತ ಬಗ್ಗಿ ನೋಡೋಕೆ ಸೊಂಟ ಬಗ್ಗಬೇಕು. ಬಗ್ಗುತ್ತಾ? (ನಾನು ಕೇಳಿದ್ದು ಮನಸ್ಸು ಬಗ್ಗುತ್ತಾ ಅಂತ.)

ಬನ್ನಿ, ಬಾನೆಟ್ ಎತ್ತಿ. ಅಂಬಾಸಿಡರ್ ಅಂದ್ರೆ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಉತ್ತರಪಾಡಾದ ಹಿಂದೂಸ್ತಾನ್ ಮೋಟಾರ್ಸ್ 2014ರವರೆಗೂ ಮಾಡ್ತಾ ಬಂದ ಗಾಡಿ ಅಂತ ನಿಮಗೆ ನಾನು ಹೇಳಬೇಕಾ? ನೀವೇ ಮದುವೆ ಮನೆ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಹೇಳ್ತೀರಿ. "ಒಳಗಿರೋದು ಬಿಎಂಸಿ ಬಿ ಸೀರೀಸ್ ಇಂಜಿನ್ನು, 1489 ಸಿಸಿ, 1955ರ ಎಂಜಿಎ ಸ್ಪೋರ್ಟ್ಸ್ ಕಾರಿಗೂ ಇದೇನೇ" ಅಂತ ಹೇಳೋವಾಗ ನಿಮ್ಮ ಎದೆ ಎರಡಿಂಚು ಮುಂದೆ ಬಂದಿರುತ್ತೆ. ಮಾತು ನಿಜ. ಆದ್ರೆ ಆ ಇಂಜಿನ್ನಿನ ಎಡಗಡೆ ಪಕ್ಕ ಯಾವತ್ತಾದ್ರೂ ನೋಡಿದ್ದೀರಾ?

ಅಲ್ಲಿದೆ ತಮಾಷೆ. ಈ ಇಂಜಿನ್ನಿಗೆ ಪೆಟ್ರೋಲ್ ಒಳಗೆ ಹೋಗೋ ದಾರಿ, ಹೊಗೆ ಹೊರಗೆ ಬರೋ ದಾರಿ ಎರಡೂ ಒಂದೇ ಪಕ್ಕದಲ್ಲಿ. ಒಟ್ಟು ಐದು ಬಾಯಿ. ಒಳಗೆ ಹೋಗೋಕೆ ಎರಡು, ಹೊರಗೆ ಬರೋಕೆ ಮೂರು. ಆ ಮೂರರಲ್ಲಿ ನಡುವಿನದು ಎರಡನೇ ಮತ್ತು ಮೂರನೇ ಸಿಲಿಂಡರಿನ ಹೊಗೆ ಎರಡನ್ನೂ ಒಂದೇ ಬಾಯಲ್ಲಿ ಕಕ್ಕಬೇಕು. ಅಕ್ಕಪಕ್ಕದವು ಒಂದೊಂದು ಸಿಲಿಂಡರ್ ನೋಡಿಕೊಂಡ್ರೆ ಸಾಕು. ಗ್ಯಾಸ್ಕೆಟ್ಟಿಗೆ ಹೆಚ್ಚು ಕಾವು ಎಲ್ಲಿ ತಾಗುತ್ತೆ ಅಂತ ಈಗ ನೀವೇ ಹೇಳಿ.

ಇನ್ನು ಹಿಗ್ಗೋ ಕಥೆ. ಜೋರಾಗಿ ಓಡಿಸಿದಾಗ ಎಕ್ಸಾಸ್ಟ್ ಗ್ಯಾಸು 600-700 ಡಿಗ್ರಿ ಮುಟ್ಟುತ್ತೆ. ಹೆಡ್ಡಿನ ಒಳಗೆ ನೀರು ಓಡಾಡ್ತಿರೋದ್ರಿಂದ ಅದು ನೂರು ಡಿಗ್ರಿ ಆಸುಪಾಸಲ್ಲೇ ಇರುತ್ತೆ, ಪಕ್ಕದಲ್ಲಿ ಅಂಟಿಕೊಂಡು ಹೊಗೆ ಹೊರಗೆ ಒಯ್ಯೋ ಮ್ಯಾನಿಫೋಲ್ಡ್ ನಾನೂರು ದಾಟುತ್ತೆ. ಹತ್ತಿರ ಹತ್ತಿರ ಒಂದು ಮೊಳ ಉದ್ದದ ಎರಕದ ಕಬ್ಬಿಣ, ಆ ಕಾವಿಗೆ ಹೆಡ್ಡಿಗಿಂತ ಸುಮಾರು ಒಂದೂವರೆ ಮಿಲಿಮೀಟರ್ ಹೆಚ್ಚು ಉದ್ದ ಆಗುತ್ತೆ. ಗಾಡಿ ನಿಲ್ಲಿಸಿದ್ರೆ ವಾಪಸ್ಸು.

ಅಂದ್ರೆ ಪ್ರತಿ ಭಾನುವಾರ ನೀವು ಬಿಡದಿಗೆ ತಟ್ಟೆ ಇಡ್ಲಿ ತಿನ್ನೋಕೆ ಹೋಗಿ ಬರೋ ಒಂದು ಸುತ್ತಿನಲ್ಲಿ ಮ್ಯಾನಿಫೋಲ್ಡು ಗ್ಯಾಸ್ಕೆಟ್ಟಿನ ಮೈಮೇಲೆ ಒಂದು ಸಲ ಹೊರಗೆ, ಒಂದು ಸಲ ಒಳಗೆ ಸರಿದಾಡುತ್ತೆ. ಅದಕ್ಕೇ ಕೊನೇ ಸ್ಟಡ್ಡುಗಳ ತೂತು ಸ್ವಲ್ಪ ಸಡಿಲ ಇರೋದು. (ಆ ಸಡಿಲ ನೋಡಿ "ಅಯ್ಯೋ ತೂತು ತೇದುಹೋಗಿದೆ" ಅಂತ ಬುಷ್ ಹಾಕಿಸಿದ ಮಹನೀಯರೂ ಇದ್ದಾರೆ. ನೀವಲ್ಲ ತಾನೇ?)

ಈಗ ಬಿಗಿ ಮಾಡೋ ವಿಚಾರ. ನಿಮ್ಮ ಕೈಗೆ ಸ್ಪ್ಯಾನರ್ ಸಿಕ್ಕಿತು ಅಂದ್ರೆ ನಟ್ಟು "ಕಿರ್" ಅನ್ನೋವರೆಗೂ ಬಿಡಲ್ಲ. ಲೀಕ್ ಕಂಡರೆ ಇನ್ನೂ ಕಾಲು ಸುತ್ತು. ಸಾಲದಾಯ್ತು ಅಂತ ಸ್ಪ್ಯಾನರ್ ಬಾಲಕ್ಕೆ ಪೈಪ್ ಸಿಗಿಸಿ ಇನ್ನೂ ಅರ್ಧ. ಈ ಇಂಜಿನ್ನಿನ ಮ್ಯಾನಿಫೋಲ್ಡ್ ನಟ್ಟುಗಳು ಕೇಳೋದು ಸುಮಾರು 15 ಪೌಂಡ್-ಅಡಿ, ಅಂದ್ರೆ 20 ನ್ಯೂಟನ್ ಮೀಟರ್ ಆಸುಪಾಸು. ವೀಲ್ ನಟ್ಟಿಗೆ ಹಾಕೋ ಬಲದ ಮುಂದೆ ಇದು ಏನೇನೂ ಅಲ್ಲ. ಅದಕ್ಕೂ ಮೀರಿ ಹಿಂಡಿದ್ರೆ ಸರಿದಾಡಬೇಕಾದ್ದು ಸರಿದಾಡಲ್ಲ, ಬಾಗುತ್ತೆ. ಇಲ್ಲಾ ಸ್ಟಡ್ಡು ಎಳೆದುಕೊಂಡು ತುಂಡಾಗುತ್ತೆ.

ಟಾರ್ಕ್ ರೆಂಚ್ ಇದೆಯಾ ನಿಮ್ಮಲ್ಲಿ? ಆಯುಧಪೂಜೆ ದಿನ ಟೂಲ್ ಬಾಕ್ಸ್ ಪೂರ್ತಿ ಹರಡಿ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಇಟ್ಟು ಮಂಗಳಾರತಿ ಎತ್ತಿದ್ರಲ್ಲ, ಆ ಸಾಲಿನಲ್ಲಿ ಅದು ಇತ್ತಾ? ಸುತ್ತಿಗೆ ಇತ್ತು. ಕಟಿಂಗ್ ಪ್ಲೇಯರ್ ಎರಡಿತ್ತು. ಟಾರ್ಕ್ ರೆಂಚ್ ಮಾತ್ರ ಯಾಕೋ ಕಾಣಲಿಲ್ಲ.

ಇನ್ನೊಂದು ಗುಟ್ಟು ಹೇಳ್ತೀನಿ, ಹತ್ತಿರ ಬನ್ನಿ. ಆ ನಟ್ಟುಗಳ ಕೆಳಗೆ ದಪ್ಪನೆ ಅಗಲವಾದ ವಾಷರ್ ಇದೆ ನೋಡಿ. ಒಂದೇ ವಾಷರ್ರಿನ ಅರ್ಧ ಭಾಗ ಇನ್‌ಟೇಕ್ ಫ್ಲ್ಯಾಂಜಿನ ಮೇಲೆ, ಇನ್ನರ್ಧ ಎಕ್ಸಾಸ್ಟ್ ಫ್ಲ್ಯಾಂಜಿನ ಮೇಲೆ. ಒಂದು ನಟ್ಟು ಇಬ್ಬರನ್ನೂ ಒತ್ತಿ ಹಿಡಿಯಬೇಕು. ಎರಡೂ ಫ್ಲ್ಯಾಂಜು ಒಂದೇ ದಪ್ಪ ಇದ್ರೆ ಸರಿ. ಒಂದು ಕೂದಲೆಳೆಯಷ್ಟು ತೆಳ್ಳಗಿದ್ರೂ ವಾಷರ್ ವಾಲುತ್ತೆ, ದಪ್ಪ ಇರೋನು ಬಿಗಿ, ತೆಳ್ಳಗಿರೋನು ಸಡಿಲ.

ಈಗ ಅಸಲಿ ವಿಷಯಕ್ಕೆ ಬರೋಣ. ಯಾರೋ ಹೇಳಿದ್ರು ಅಂತ ಕಂಪನಿ ಮ್ಯಾನಿಫೋಲ್ಡ್ ಬಿಚ್ಚಿಸಿ ಗುಜರಿಗೆ ಹಾಕಿ, ಪೈಪ್ ಬಗ್ಗಿಸೋ ಅಂಗಡಿಯಲ್ಲಿ ಹೆಡರ್ ಮಾಡಿಸಿದ್ರಲ್ಲ? ಫ್ರೀ ಫ್ಲೋ! ಕ್ಲಾಸಿಕ್ ಕಾರ್ ಮೀಟಿಂಗಿನಲ್ಲಿ ಬಾನೆಟ್ ಎತ್ತಿಟ್ಟುಕೊಂಡು, ನೋಡಿಯೂ ನೋಡದವರ ಹಾಗೆ ಪಕ್ಕದಲ್ಲಿ ನಿಂತಿರ್ತೀರಲ್ಲ, ಯಾರಾದ್ರೂ ಕೇಳ್ಲಿ ಅಂತ? (ಯಾರೂ ಕೇಳದಿದ್ರೆ ನೀವೇ ಒಂದು ಸಲ ಕೆಮ್ಮಿ ಶುರು ಮಾಡ್ತೀರಿ.)

ಚೆನ್ನಾಗಿದೆ, ಇಲ್ಲ ಅಂದೋರ್ಯಾರು. ಆದ್ರೆ ಆ ಹೆಡರಿನ ಫ್ಲ್ಯಾಂಜ್ ಎಷ್ಟು ದಪ್ಪ ಅಂತ ಅಳೆದ್ರಾ? ಅಂಗಡಿಯವನು ಕೈಗೆ ಸಿಕ್ಕ ತೆಳು ಪ್ಲೇಟು ಕತ್ತರಿಸಿರ್ತಾನೆ. ಪಕ್ಕದಲ್ಲಿರೋ ಹಳೇ ಇನ್‌ಟೇಕಿನ ಫ್ಲ್ಯಾಂಜ್ ಅದಕ್ಕಿಂತ ದಪ್ಪ. ವಾಷರ್ ಇನ್‌ಟೇಕಿನ ಮೇಲೆ ಆರಾಮಾಗಿ ಕೂತು, ಹೆಡರಿನ ಮೇಲೆ ಬರೀ ಕೈ ಇಟ್ಟಿರುತ್ತೆ. ನೀವು ಬಿಗಿ ಮಾಡಿದಷ್ಟೂ ಅದು ವಾಲುತ್ತೆ. ಗ್ಯಾಸ್ಕೆಟ್ಟು ಸುಡದೆ ಇನ್ನೇನು ಮಾಡಬೇಕು?

ಇದಕ್ಕೆ ಮದ್ದು ಸುಲಭ. ವರ್ನಿಯರ್ ಹಿಡಿದು ಎರಡೂ ಫ್ಲ್ಯಾಂಜ್ ಅಳೀರಿ. ವ್ಯತ್ಯಾಸ ಇದ್ರೆ ಲೇತಿನವನ ಹತ್ತಿರ ಮೆಟ್ಟಿಲು ಥರದ ವಾಷರ್ ಮಾಡಿಸಿ, ಒಂದು ಅರ್ಧ ದಪ್ಪ, ಒಂದು ಅರ್ಧ ತೆಳು. ಅಥವಾ ದಪ್ಪ ಇರೋದನ್ನ ತೆಳ್ಳಗಿನ ಮಟ್ಟಕ್ಕೆ ಇಳಿಸಿ. ಅದಕ್ಕಾಗೋ ಖರ್ಚು ನೀವು ಮೊನ್ನೆ ಡಿಕ್ಕಿಗೆ ಹಾಕಿಸಿದ ಕ್ರೋಮ್ ಅಕ್ಷರಗಳಿಗಿಂತ ಕಮ್ಮೀನೇ.

ಮತ್ತೊಂದು. ಫ್ಲ್ಯಾಂಜಿಗೆ ಪೈಪ್ ಇಟ್ಟು ವೆಲ್ಡ್ ಮಾಡಿದಾಗ ಆ ಕಾವಿಗೆ ಪ್ಲೇಟು ಬಾಳೆ ಎಲೆಯ ಹಾಗೆ ಸೊಟ್ಟಗಾಗುತ್ತೆ. ಕಣ್ಣಿಗೆ ಕಾಣಲ್ಲ. ಒಂದು ಸ್ಟೀಲ್ ರೂಲರ್ ಅಂಚು ಉದ್ದಕ್ಕೂ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿ. 0.1 ಮಿಲಿಮೀಟರಿನ ಎಲೆ ನುಸುಳಿದ್ರೆ ಹುಷಾರು, 0.25ರದ್ದು ನುಸುಳಿದ್ರೆ ಸರ್ಫೇಸ್ ಗ್ರೈಂಡಿಂಗಿಗೆ ಕಳಿಸಿ. ಮಾಡಿಸೋವಾಗಲೇ 10 ಮಿಲಿಮೀಟರ್ ಪ್ಲೇಟು ಕೇಳಿ, ವೆಲ್ಡಿಂಗ್ ಪೂರ್ತಿ ಮುಗಿದ ಮೇಲೆ ಫೇಸಿಂಗ್ ಹೊಡೆಸಿ. ಮೊದಲೇ ಫೇಸಿಂಗ್ ಮಾಡಿಸಿ ಆಮೇಲೆ ವೆಲ್ಡ್ ಮಾಡಿದ್ರೆ ದುಡ್ಡು ನೀರಿಗೆ.

ಸ್ಟೇನ್‌ಲೆಸ್ ಸ್ಟೀಲಿನದ್ದೇ ಬೇಕು ಅಂದ್ರಾ? ಹೊಳೆಯುತ್ತೆ, ಒಪ್ಪಿದೆ. ಆದ್ರೆ ಅದು ಎರಕದ ಕಬ್ಬಿಣಕ್ಕಿಂತ ಹೆಚ್ಚೂಕಮ್ಮಿ ಒಂದೂವರೆ ಪಟ್ಟು ಹಿಗ್ಗುತ್ತೆ. ಹಾಗಾಗಿ ತೂತುಗಳಿಗೆ ಇನ್ನೂ ಸ್ವಲ್ಪ ಧಾರಾಳ ತೋರಿಸಬೇಕು. ತಿಳಿದವರು ಮೂರೂ ಬಾಯಿಗೂ ಒಂದೇ ಉದ್ದ ಪ್ಲೇಟು ಬಿಡದೆ ನಡುವೆ ಸೀಳ್ತಾರೆ, ಒಂದೊಂದು ಬಾಯಿ ತನ್ನ ಪಾಡಿಗೆ ತಾನು ಹಿಗ್ಗಲಿ ಅಂತ.

ಸರಿ, ಫ್ಲ್ಯಾಂಜ್ ನೆಟ್ಟಗಿದೆ, ವಾಷರ್ ಸರಿಯಿದೆ, ಆದ್ರೂ ಹೋಗ್ತಿದೆ ಅಂತೀರಾ? ಹಾಗಾದ್ರೆ ಗಾಡಿ ಕೆಳಗೆ ಟಾರ್ಚ್ ಬಿಡಿ. ಸೈಲೆನ್ಸರ್ ಯಾವುದಕ್ಕೆ ನೇತಾಡ್ತಿದೆ? ರಬ್ಬರ್ ಹ್ಯಾಂಗರ್ ಇರಬೇಕಾದ ಜಾಗದಲ್ಲಿ ಬೈಂಡಿಂಗ್ ವೈರ್! ಹೋದ ಮಳೆಗಾಲದಲ್ಲಿ "ಸದ್ಯಕ್ಕೆ ಇರ್ಲಿ" ಅಂತ ಕಟ್ಟಿಸಿದ್ದು. ನಮ್ಮ ಕಡೆ ಸದ್ಯಕ್ಕೆ ಅಂದ್ರೆ ಎಷ್ಟು ವರ್ಷ ಅಂತ ನಿಮಗೇ ಗೊತ್ತಲ್ಲ.

ಇಂಜಿನ್ನು ಕೂತಿರೋದು ರಬ್ಬರ್ ಮೌಂಟಿನ ಮೇಲೆ. ರೇಸ್ ಮಾಡಿದ್ರೆ ಅದು ಪಕ್ಕಕ್ಕೆ ವಾಲುತ್ತೆ, ವಾಲಲೇಬೇಕು. ಅದರ ಜೊತೆ ಪೈಪೂ ಒಂದಿಷ್ಟು ತೂಗಾಡಬೇಕು, ಆ ತೂಗಾಟಕ್ಕೇ ರಬ್ಬರ್ ಹ್ಯಾಂಗರ್ ಇರೋದು. ನೀವು ಹಿಂದೆ ತಂತಿ ಬಿಗಿದು ಪೈಪನ್ನ ಛಾಸಿಗೆ ಕಟ್ಟಿಹಾಕಿದ್ರೆ, ಮುಂದೆ ಇಂಜಿನ್ನು ಎಳೆದಾಗೆಲ್ಲಾ ಉದ್ದ ಪೈಪು ಸನ್ನೆಕೋಲಾಗಿ ಮ್ಯಾನಿಫೋಲ್ಡ್ ಜಾಯಿಂಟನ್ನ ಮೀಟುತ್ತೆ. ಜೊತೆಗೆ ಮೌಂಟಿನ ರಬ್ಬರೂ ಎಣ್ಣೆ ಕುಡಿದು ಮೆತ್ತಗಾಗಿದ್ರೆ ಕೇಳೋದೇ ಬೇಡ.

ಇದರ ಮೇಲೆ ನಮ್ಮ ಹಂಪುಗಳು. ಬಡಾವಣೆಯ ಪ್ರತಿಯೊಬ್ಬ ಪ್ರಭಾವಿ ವ್ಯಕ್ತಿಯ ಮನೆ ಮುಂದೂ ಒಂದೊಂದು. ಹಿಂದಿನ ಸೀಟಲ್ಲಿ ಮೂವರು ಮಾವಂದಿರನ್ನ ಕೂರಿಸಿಕೊಂಡು ಅದರ ಮೇಲೆ ಹತ್ತಿಸ್ತೀರಿ, ಕೆಳಗೆ "ಢಂಕ್" ಅನ್ನುತ್ತೆ, ನೀವು ಹಲ್ಲು ಕಚ್ಚಿ "ಏನೂ ಆಗಿಲ್ಲ" ಅಂತೀರಿ. ಆ ಏಟು ಪೈಪಿನುದ್ದಕ್ಕೂ ಓಡಿ ಮುಂದೆ ಹೋಗಿ ಬೀಳೋದು ಎಲ್ಲಿಗೆ ಅಂದ್ಕೊಂಡ್ರಿ? ಅದಕ್ಕೇ ಹೊಸ ಪೈಪ್ ಹಾಕಿಸೋವಾಗ ಮೊದಲು ಎಲ್ಲಾ ಸಡಿಲವಾಗಿ ಸಿಗಿಸಿ, ಪೈಪು ತಾನಾಗಿ ಕೂತ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿ ಮಾಡ್ತಾ ಬರಬೇಕು. ಹಿಂದೆ ಮೊದಲು ಬಿಗಿದು ಮುಂದೆ ಬಲವಂತವಾಗಿ ಎಳೆದು ಸೇರಿಸಿದ್ರೆ ಗ್ಯಾಸ್ಕೆಟ್ಟು ಹುಟ್ಟೋವಾಗಲೇ ಅರ್ಧ ಆಯುಷ್ಯ.

ಸರಿ, ಇನ್ನು ಜೆ.ಸಿ. ರೋಡಿಗೆ ಹೋಗಬಹುದು. ಕೌಂಟರಿನಲ್ಲಿ "ಅಂಬಾಸಿಡರ್ ಮ್ಯಾನಿಫೋಲ್ಡ್ ಪ್ಯಾಕಿಂಗ್" ಅಂದ ಕೂಡಲೇ ಎರಡು ಮೂರು ಥರದ್ದು ಎಸೀತಾರೆ. ನೀವು ಯಾವುದು ತಗೊಳ್ತೀರಿ? ಅಗ್ಗದ್ದು! ಎರಡು ಲಕ್ಷ ಪೇಂಟಿಂಗಿಗೆ ಸುರಿದವರು ಇಲ್ಲಿ ಐವತ್ತು ರೂಪಾಯಿಗೆ ಚೌಕಾಶಿ. ನಡುವೆ ತೂತು ತೂತಿನ ಸ್ಟೀಲ್ ತಗಡು ಇರೋ ಗ್ರಾಫೈಟಿನದ್ದು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಕಾವು ತಡೆಯುತ್ತೆ, ಸಣ್ಣಪುಟ್ಟ ಉಬ್ಬುತಗ್ಗನ್ನೂ ತುಂಬಿಕೊಳ್ಳುತ್ತೆ.

ಒಂದೇ ಮಗ್ಗುಲಿಗೆ ತಗಡು ಇರೋ ಹಳೇ ಮಾದರಿ ಸಿಕ್ಕರೆ ತಗಡಿನ ಮಗ್ಗುಲು ಮ್ಯಾನಿಫೋಲ್ಡಿನ ಕಡೆಗೆ ಬರಲಿ, ಸರಿದಾಡೋಕೆ ನುಣುಪು ಬೇಕಲ್ಲ. ಮೆತ್ತನೆ ಮಗ್ಗುಲು ಹೆಡ್ಡಿಗೆ. (ಹುಡುಗ ಉಲ್ಟಾ ಹಾಕ್ತಿರೋವಾಗ ನೀವು ಫೋನಿನಲ್ಲಿ ರೀಲ್ ನೋಡ್ತಾ ಇದ್ರಿ.) ಮಾಮೂಲಿ ಪ್ಯಾಕಿಂಗ್ ಶೀಟಿನಲ್ಲಿ ಸುತ್ತಿಗೆಯಿಂದ ತಟ್ಟಿ ತಟ್ಟಿ ಕೈಯಲ್ಲೇ ಕತ್ತರಿಸಿ ಕೊಡ್ತಾರೆ, ನೋಡೋಕೆ ಚೆಂದ. ಅದು ವಾಟರ್ ಪಂಪಿಗಾದರೆ ಸೈ. ಎಕ್ಸಾಸ್ಟಿಗೆ ಹಾಕಿದ್ರೆ ಒಂದು ವಾರಕ್ಕೆ ಬೂದಿ.

ತಾಮ್ರದ್ದು ಇನ್ನೊಂದು ದಾರಿ. ತಾಮ್ರದ ಶೀಟಿನಲ್ಲಿ ಕತ್ತರಿಸಿದ ಗ್ಯಾಸ್ಕೆಟ್ಟನ್ನ ಮಂದ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ್ರೆ ಮೆತ್ತಗಾಗುತ್ತೆ. ಬಿಚ್ಚಿದಾಗೆಲ್ಲಾ ಮತ್ತೆ ಕಾಯಿಸಿ ಮತ್ತೆ ಹಾಕಬಹುದು. ಆದ್ರೆ ಒಂದು ಷರತ್ತು, ಫ್ಲ್ಯಾಂಜ್ ಕನ್ನಡಿ ಥರ ಸಪಾಟಾಗಿರಬೇಕು. ಗ್ರಾಫೈಟಿನ ಹಾಗೆ ನಿಮ್ಮ ತಪ್ಪನ್ನ ಅದು ಹೊಟ್ಟೆಗೆ ಹಾಕಿಕೊಳ್ಳಲ್ಲ.

ಆ ಟ್ಯೂಬ್ ಸಿಲಿಕೋನ್ ಮಾತ್ರ ಕೆಳಗಿಡಿ. ಇಡಿ ಅಂದೆ. ಕೆಂಪು ಬಣ್ಣದ್ದು, ಹೈ ಟೆಂಪರೇಚರ್ ಅಂತ ಬರೆದಿದೆ ಅಂತ ವಾದ ಬೇಡ. ಸುಮಾರು 300 ಡಿಗ್ರಿಗೆ ಅದರ ಕಥೆ ಮುಗೀತು, ಇಲ್ಲಿರೋ ಗ್ಯಾಸು ಅದರ ಎರಡರಷ್ಟು. ಸಿಲಿಕೋನ್ ಸುಟ್ಟು ಉದುರಿದ ಜಾಗದಲ್ಲಿ ಹೊಗೆಗೆ ಹೊಸ ಬಾಗಿಲು. ಆಯಿಲ್ ಚೇಂಬರಿಗೆ, ಥರ್ಮೋಸ್ಟಾಟ್ ಮುಚ್ಚಳಕ್ಕೆ ಎಷ್ಟು ಬೇಕೋ ಹಚ್ಚಿ, ಸಂತೋಷ.

ಹಳೇದನ್ನ ಕೆರೆದು ತೆಗೆಯೋವಾಗ ಹುಷಾರು. ಹಿಂದಿನ ಕಾಲದ ಗ್ಯಾಸ್ಕೆಟ್ಟಿನಲ್ಲಿ ಆಸ್ಬೆಸ್ಟಾಸ್ ಇರುತ್ತೆ. ಅದರ ಧೂಳು ಎದೆಗೆ ಹೋಗಬಾರದು, ನೀರು ಚಿಮುಕಿಸಿ ಒದ್ದೆ ಮಾಡಿಕೊಂಡೇ ಕೆರೀಬೇಕು. ಬಾಯಲ್ಲಿ ಉಫ್ ಅಂತ ಊದೋ ಚಾಳಿ ಬಿಡಿ.

ನಟ್ಟು ಹಿತ್ತಾಳೆಯದ್ದೇ ಇರಲಿ. ಕಬ್ಬಿಣದ ಸ್ಟಡ್ಡಿಗೆ ಕಬ್ಬಿಣದ ನಟ್ಟು ಹಾಕಿದ್ರೆ ಕಾವಿಗೆ ತುಕ್ಕು ಹಿಡಿದು ಇಬ್ಬರೂ ಒಂದಾಗಿಬಿಡ್ತಾರೆ, ಬಿಚ್ಚೋಕೆ ಹೋದ್ರೆ ಸ್ಟಡ್ಡೇ ಕೈಗೆ ಬರುತ್ತೆ. ಆಮೇಲೆ ಡ್ರಿಲ್ಲು, ಅದರೊಳಗೆ ಮುರಿದ ಈಜಿ-ಔಟು (ಹೆಸರು ಇಟ್ಟವರ್ಯಾರೋ ಪುಣ್ಯಾತ್ಮರು), ಕಡೆಗೆ ಮುರಿದ ತುದಿಗೆ ನಟ್ಟು ವೆಲ್ಡ್ ಮಾಡಿ ತಿರುಗಿಸೋ ಸರ್ಕಸ್ಸು. ಇಡೀ ಭಾನುವಾರ ಹೋಯ್ತು. ಬಿಚ್ಚೋ ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಹಾಕಿಟ್ಟು ಮಲಗಿದ್ದಿದ್ರೆ? ನಿಮಗೆ ತಾಳ್ಮೆ ಎಲ್ಲಿ.

ತಾಳ್ಮೆ ಅಂದಾಗ ನೆನಪಾಯ್ತು. ಹೊಸ ಗ್ಯಾಸ್ಕೆಟ್ಟು ಹಾಕಿದ ಮೇಲೆ ನಡುವಿನ ನಟ್ಟಿಂದ ಹೊರಗಿನ ನಟ್ಟಿಗೆ, ಒಂದೇ ಸಲಕ್ಕೆ ಅಲ್ಲ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಬೇಕು. ಆಮೇಲೆ ಒಂದು ಸಲ ಚೆನ್ನಾಗಿ ಬಿಸಿ ಮಾಡಿ, ಪೂರ್ತಿ ತಣ್ಣಗಾಗೋಕೆ ಬಿಟ್ಟು, ಮತ್ತೆ ಅದೇ ಟಾರ್ಕಿಗೆ ನೋಡಬೇಕು. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ. ಗ್ಯಾಸ್ಕೆಟ್ಟು ಕಾವಿಗೆ ಕುಗ್ಗಿ ಕೂರುತ್ತೆ, ನಟ್ಟು ಸಡಿಲ ಆಗುತ್ತೆ, ಇದು ಸಹಜ. ಈ ಎರಡನೇ ಬಿಗಿತ ಯಾರೂ ಮಾಡಲ್ಲ. ಗಾಡಿ ಸದ್ದಿಲ್ಲದೆ ಓಡ್ತಿದೆಯಲ್ಲ, ಮತ್ತೆ ಯಾಕೆ ಬಾನೆಟ್ ಎತ್ತಬೇಕು, ಅಲ್ವಾ? ನನ್ನ ಕೇಳಿದ್ರೆ ಹೋದ ಗ್ಯಾಸ್ಕೆಟ್ಟುಗಳಲ್ಲಿ ಹೆಚ್ಚಿನವು ಹೋಗಿರೋದು ಈ ಒಂದು ಸೋಮಾರಿತನಕ್ಕೇ.

ಟೈಮಿಂಗೂ ನೋಡಿಸಿ. ಡಿಸ್ಟ್ರಿಬ್ಯೂಟರ್ ಹಿಂದೆ ಸರಿದು ಇಗ್ನಿಷನ್ ತಡವಾದ್ರೆ ಪೆಟ್ರೋಲ್ ಉರಿದು ಮುಗಿಯೋದೇ ಎಕ್ಸಾಸ್ಟಿನಲ್ಲಿ, ಮ್ಯಾನಿಫೋಲ್ಡು ಕೆಂಪಗೆ ಕಾಯುತ್ತೆ. ಇನ್ನು ಘಾಟಿ ಇಳಿಯೋವಾಗ ಆಕ್ಸಲರೇಟರ್ ಬಿಟ್ಟ ಕೂಡಲೇ ಹಿಂದೆ "ಪಟ್ ಪಟ್ ಪಟಾರ್" ಅನ್ನುತ್ತಲ್ಲ, ಅದನ್ನ ಕೇಳಿ "ರೇಸ್ ಕಾರ್ ಥರ ಇದೆ" ಅಂತ ಖುಷಿಪಡ್ತೀರಲ್ಲ? ಸೀಳಿದ ಗ್ಯಾಸ್ಕೆಟ್ಟಿನಿಂದ ಗಾಳಿ ಒಳಗೆ ನುಗ್ಗಿ, ಉರಿಯದೇ ಉಳಿದ ಪೆಟ್ರೋಲು ಸೈಲೆನ್ಸರಿನಲ್ಲಿ ಹೊತ್ತಿಕೊಳ್ಳೋ ಸದ್ದು ಅದು. ಇನ್‌ಟೇಕ್ ಕಡೆ ಗಾಳಿ ಎಳೀತಿದ್ರೆ ಐಡ್ಲಿಂಗ್ ಕುಂಟುತ್ತೆ. ನೀವು ಆಗ ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸ್ತಾ ಕೂರ್ತೀರಿ.

ವಾಟರ್ ಸರ್ವಿಸ್! ಊರು ಸುತ್ತಿ ಬಂದ ಗಾಡಿಯನ್ನ ಹಾಗೇ ತಗೊಂಡು ಹೋಗಿ ನಿಲ್ಲಿಸ್ತೀರಿ, ಅವನು ಬಾನೆಟ್ ಎತ್ತಿ ಕಾದ ಮ್ಯಾನಿಫೋಲ್ಡಿನ ಮೇಲೆ ಪ್ರೆಷರಿನಲ್ಲಿ ತಣ್ಣೀರು ಬಿಡ್ತಾನೆ. ಚುಂಯ್. ಆವಿ ಏಳೋದನ್ನ ನೋಡಿ ನೀವು ಫೋಟೋ ತೆಗೀತೀರಿ. ಎರಕದ ಕಬ್ಬಿಣ ಇಂಥದ್ದಕ್ಕೇ ಬಿರುಕು ಬಿಡೋದು. ಆಯುಧಪೂಜೆಗೆ ಮುಂಚೆ ತೊಳೆಸಲೇಬೇಕು ಅಂದ್ರೆ ಹಿಂದಿನ ದಿನ ನಿಲ್ಲಿಸಿ, ತಣ್ಣಗಾಗಲಿ.

ಇಷ್ಟೆಲ್ಲಾ ತಮಾಷೆಯ ನಡುವೆ ಒಂದು ಮಾತು ಮಾತ್ರ ತಮಾಷೆಯಲ್ಲ. ಗ್ಯಾಸ್ಕೆಟ್ಟಿನ ಲೀಕಿನಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಳೇ ಗಾಡಿಯ ಪೆಡಲ್ ತೂತು, ವೈರ್ ತೂತುಗಳಲ್ಲಿ ಹಾದು ನೀವು ಕೂತಿರೋ ಕಡೆಗೇ ಬರುತ್ತೆ. ಗಾಜು ಏರಿಸಿಕೊಂಡು ಹೋಗಿ ಬಂದವರಿಗೆಲ್ಲಾ ತಲೆನೋವು, ವಾಕರಿಕೆ ಅಂದ್ರೆ ಪಿತ್ತ ಅಂತ ಶುಂಠಿ ಕಷಾಯ ಕುಡಿಸಬೇಡಿ. ಗಾಡಿ ನಿಲ್ಲಿಸಿ, ಎಲ್ಲರನ್ನೂ ಗಾಳಿಗೆ ಇಳಿಸಿ, ಆಸ್ಪತ್ರೆಗೆ ಇನ್ನೊಂದು ಗಾಡಿಯಲ್ಲಿ ಹೋಗಿ. ಗ್ಯಾಸ್ಕೆಟ್ಟು ಸರಿಮಾಡಿಸೋವರೆಗೂ ಮತ್ತೆ ಅದನ್ನ ಹತ್ತಬೇಡಿ.

ಹಾಗಾದ್ರೆ ಲೀಕ್ ಎಲ್ಲಿದೆ ಅಂತ ಕಂಡುಹಿಡಿಯೋದು ಹೇಗೆ ಅಂತೀರಾ? ಊದುಬತ್ತಿ ಹೊಗೆ ಹಿಡಿದು ನೋಡಿ ಅಂತ ಕೆಲವರು ಹೇಳ್ತಾರೆ. ಈ ಇಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಇರೋದು ಅದೇ ಪಕ್ಕದಲ್ಲಿ. ಪೆಟ್ರೋಲ್ ತೊಟ್ಟಿಕ್ಕೋ ಜಾಗಕ್ಕೆ ಕೆಂಡ ಹಿಡಿಯೋ ಭಕ್ತಿ ನಮಗೆ ಬೇಡ. ಅದಕ್ಕಿಂತ ಚೆನ್ನಾಗಿರೋ ಉಪಾಯ ನಿಮ್ಮ ಮನೆಯ ಅಟ್ಟದ ಮೇಲೇ ಇದೆ.

ವ್ಯಾಕ್ಯೂಮ್ ಕ್ಲೀನರ್. ಗಾಡಿ ತಣ್ಣಗಿರಲಿ, ಇಂಜಿನ್ ಆಫ್ ಇರಲಿ, ಸುತ್ತಮುತ್ತ ಪೆಟ್ರೋಲ್ ವಾಸನೆ ಇಲ್ಲ ಅಂತ ನೋಡಿಕೊಳ್ಳಿ. ಕ್ಲೀನರಿನ ಗಾಳಿ ಊದೋ ಬದಿಗೆ ಪೈಪ್ ಸಿಗಿಸಿ, ಇನ್ನೊಂದು ತುದಿಯನ್ನ ಸೈಲೆನ್ಸರಿನ ಬಾಯಿಗೆ ಹಳೇ ಬಟ್ಟೆ ಸುತ್ತಿ ತುರುಕಿ, ಸ್ವಿಚ್ ಹಾಕಿ. ಮುಂದೆ ಬಂದು ಸೋಪಿನ ನೀರನ್ನ ಮ್ಯಾನಿಫೋಲ್ಡ್ ಜಾಯಿಂಟಿನ ಸುತ್ತ ಚಿಮುಕಿಸಿ. ಎಲ್ಲಿ ಗುಳ್ಳೆ ಏಳುತ್ತೋ ಅಲ್ಲೇ ಕಳ್ಳ. ಕತ್ತು ಬಗ್ಗಿಸಿ ನೋಡಿದ್ರೆ ಅಲ್ಲೇ ಒಂದು ಕಪ್ಪು ಮಸಿ ಗೆರೆಯೂ ಕಾಣುತ್ತೆ.

ಮನೆಯಾಕೆ ತರಕಾರಿಗೆ ಹೋದ ಹೊತ್ತು ನೋಡಿಕೊಂಡು ಈ ಕೆಲಸ ಮುಗಿಸಿ. ಆಮೇಲೆ ಆ ಕ್ಲೀನರ್ ಪೈಪಿನ ಬಾಯನ್ನ ಒಳಗೂ ಹೊರಗೂ ಸೋಪು ಹಾಕಿ ತಿಕ್ಕಿ ಒರೆಸಿ ಇಡಿ. ಯಾಕಂದ್ರೆ ನಾಳೆ ಸೋಫಾ ಕ್ಲೀನ್ ಮಾಡೋವಾಗ ಬಿಳೀ ಕವರಿನ ಮೇಲೆ ಅಂಬಾಸಿಡರ್ ಮಸಿ ಉದುರಿದ್ರೆ, ನಾನು ಹೇಳಿಕೊಟ್ಟಿದ್ದು ಅಂತ ನನ್ನ ಹೆಸರು ಮಾತ್ರ ಎತ್ತಬೇಡಿ.